ಒಂದು ಪಿಟೀಲು ಮಟ್ಟಿನ ಜಾಡು ಹಿಡಿಯುವುದು ಹೇಗೆ: ‘ಬೋನಪಾರ್ಟ್ಸ್ ರಿಟ್ರೀಟ್’ ಇಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

ಅಮೆರಿಕದ ಬೆಟ್ಟಸೀಮೆಯ ಪಿಟೀಲು ಮಟ್ಟುಗಳ ರುಚಿ ಹತ್ತಿದವರಿಗೆ ಬೇಗನೆ ಒಂದು ತೊಡಕು ಎದುರಾಗುತ್ತದೆ. ಒಂದೇ ಹೆಸರಿನ ನಾಲ್ಕು ಧ್ವನಿಮುದ್ರಣ ಹಾಕಿ ಕೇಳಿದರೆ ಒಂದು ನಡೆಗೆಯ ಹಾಗೆ ನಿಧಾನ, ಇನ್ನೊಂದು ಕುದುರೆ ಓಟ, ಮೂರನೆಯದರಲ್ಲಿ ಯಾರೋ ಪ್ರೇಮಗೀತೆ ಹಾಡುತ್ತಿದ್ದಾರೆ, ನಾಲ್ಕನೆಯದು ಬೇರೆಯದೇ ಮಟ್ಟು. ಇದರಲ್ಲಿ ಮೂಲ ಯಾವುದು ಎಂದು ಹುಡುಕಲು ಹೊರಟವರು ಸಾಮಾನ್ಯವಾಗಿ ದಣಿದು ವಾಪಸಾಗುತ್ತಾರೆ. ಬರವಣಿಗೆಯಿಲ್ಲದೆ ಕಿವಿಯಿಂದ ಕಿವಿಗೆ ಬಂದದ್ದಕ್ಕೆ ಮೂಲ ಪ್ರತಿ ಎಂಬುದೇ ಇರುವುದಿಲ್ಲ. ಇರುವುದು ವಾದಕರು, ಊರುಗಳು, ತಂತಿ ಕೂಡಿಸಿದ ರೀತಿಗಳು. ಹಾಗಾಗಿ ನಾನು ಸೂಚಿಸುವ ದಾರಿ ತಲೆಕೆಳಗಿನದು. ಮೂಲದಿಂದ ಕೆಳಗಿಳಿಯುವ ಬದಲು ಒಬ್ಬ ವಾದಕನ ಒಂದು ಮುದ್ರಣದಿಂದ ಹೊರಕ್ಕೆ ನಡೆಯಬೇಕು. ಹಾದಿಯಲ್ಲಿ ಮಟ್ಟಿನ ಹೆಸರಿಗಿಂತ ಅದರ ಶ್ರುತಿಯನ್ನು ಹೆಚ್ಚು ನಂಬಬೇಕು.

ಉದಾಹರಣೆಗೆ ‘ಬೋನಪಾರ್ಟ್ಸ್ ರಿಟ್ರೀಟ್’ ಆರಿಸಿದ್ದೇನೆ. ನೆಪೋಲಿಯನ್ ಬೋನಪಾರ್ಟನ ಹಿಮ್ಮೆಟ್ಟುವಿಕೆ ಎಂದು ಹೆಸರಿನ ಅರ್ಥ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಬಹಳ ಕಡೆ ನುಡಿಸಿದ ಮಟ್ಟು ಇದು. ಹೆಸರು, ಶ್ರುತಿ, ವೇಗ, ಮುದ್ರಣ, ಸಿನಿಮೀಯ ಎನ್ನಬಹುದಾದ ಮುಂದಿನ ಬದುಕು, ಎಲ್ಲವೂ ಇದರಲ್ಲಿ ಒಟ್ಟಿಗೇ ಸಿಗುತ್ತವೆ. ಕಲಿಯಲು ಇದಕ್ಕಿಂತ ಒಳ್ಳೆಯ ಮಾದರಿ ಕಡಿಮೆ.

ಬೇಕಾದ ಸಾಮಾನು ಹೆಚ್ಚೇನಿಲ್ಲ. ಒಂದು ಒಳ್ಳೆಯ ಹೆಡ್‌ಫೋನ್, ಶ್ರುತಿ ಬದಲಾಗದಂತೆ ವೇಗ ತಗ್ಗಿಸುವ ಯಾವುದಾದರೂ ತಂತ್ರಾಂಶ (ಉಚಿತವಾಗಿ ಸಿಗುವ ಆಡಾಸಿಟಿ ಸಾಕು), ಒಂದು ನೋಟ್‌ಬುಕ್. ಪಿಟೀಲು ಇದ್ದರೆ ಅರ್ಧ ಕೆಲಸ ಹಗುರ. ಕರ್ನಾಟಕ ಸಂಗೀತದ ಪಿಟೀಲು ಕಲಿತವರಿಗೆ ಇಲ್ಲಿ ಒಂದು ಅನುಕೂಲವೂ ಇದೆ, ಅದಕ್ಕೆ ಎರಡನೇ ಹಂತದಲ್ಲಿ ಬರುತ್ತೇನೆ.

ಹಂತ 1: ಒಂದು ಮುದ್ರಣವನ್ನು ಗೂಟ ಮಾಡಿಕೊಳ್ಳಿ

ಮೊದಲು ಕೇಳಿದ ಮುದ್ರಣವೇ ಗೂಟವಾಗಬೇಕೆಂದಿಲ್ಲ. ಯಾರು, ಎಲ್ಲಿ, ಯಾವಾಗ ನುಡಿಸಿದರು ಎಂಬ ಮೂರು ಪ್ರಶ್ನೆಗಳಿಗೆ ದಾಖಲೆ ಇರುವ ಮುದ್ರಣ ಬೇಕು. ನಮ್ಮ ಮಟ್ಟಿಗೆ ಅಂಥದ್ದೊಂದು ಇದೆ: ಕೆಂಟಕಿ ರಾಜ್ಯದ ವಿಲಿಯಂ ಹ್ಯಾಮಿಲ್ಟನ್ ಸ್ಟೆಪ್ ನುಡಿಸಿದ್ದು. 1875ರಲ್ಲಿ ಹುಟ್ಟಿ 1957ರಲ್ಲಿ ತೀರಿಕೊಂಡ ಈತನನ್ನು ಸೀಮೆಯ ಜನ ಬಿಲ್ ಸ್ಟೆಪ್ ಎಂದು ಕರೆಯುತ್ತಿದ್ದರು. 1937ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್ ಪರವಾಗಿ ಅಲನ್ ಲೋಮ್ಯಾಕ್ಸ್, ಜೊತೆಗೆ ಪತ್ನಿ ಎಲಿಜಬೆತ್, ಪೂರ್ವ ಕೆಂಟಕಿಯ ಬೆಟ್ಟಗಳಲ್ಲಿ ಧ್ವನಿಮುದ್ರಣ ಯಂತ್ರ ಹೊತ್ತು ತಿರುಗುತ್ತಿದ್ದರು. ಅಲನ್‌ಗೆ ಆಗ 22 ವರ್ಷ. ಮಗಾಫಿನ್ ಕೌಂಟಿಯ ಸಾಲಿಯರ್ಸ್‌ವಿಲ್ ಎಂಬ ಪುಟ್ಟ ಪಟ್ಟಣದಲ್ಲಿ ಸ್ಟೆಪ್ ಅವರ ಯಂತ್ರದ ಮುಂದೆ ನುಡಿಸಿದ.

ಈ ಮುದ್ರಣವನ್ನು ಗೂಟವಾಗಿಸಲು ಇನ್ನೊಂದು ಕಾರಣವಿದೆ. ಅದು ಮಾದರಿ ಪಾಠವಲ್ಲ, ಅಪವಾದ. ಉಳಿದ ಹಳೆಯ ವಾದಕರು ಇದನ್ನು ನಿಧಾನದ ನಡೆಗೆಯಲ್ಲಿ, ಸೈನ್ಯದ ಮೆರವಣಿಗೆಯ ಗತ್ತಿನಲ್ಲಿ ನುಡಿಸುತ್ತಿದ್ದರೆ ಸ್ಟೆಪ್ ಅದನ್ನು ಕುಣಿತದ ವೇಗಕ್ಕೆ ಏರಿಸಿದ. ಅಪವಾದವೇ ಮುಂದೆ ಜಗತ್ತಿಗೆ ನಿಯಮವಾದದ್ದು ಏಳನೇ ಹಂತದ ಕಥೆ.

ಎಲ್ಲಿ ಕೇಳುವುದು? ಲೋಮ್ಯಾಕ್ಸ್ ಕೆಂಟಕಿಯಲ್ಲಿ ಮಾಡಿದ ಮುದ್ರಣಗಳು ‘ಲೋಮ್ಯಾಕ್ಸ್ ಕೆಂಟಕಿ ರೆಕಾರ್ಡಿಂಗ್ಸ್’ ಹೆಸರಿನಲ್ಲಿ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ವಾದಕನ ಹೆಸರು ಅಥವಾ ಊರಿನ ಹೆಸರು ಹಾಕಿ ಹುಡುಕಬಹುದು. ಹಳೆಯ ವಾದಕರ ಮುದ್ರಣಗಳನ್ನು ಮಟ್ಟಿನ ಹೆಸರಿನ ಪ್ರಕಾರ ಜೋಡಿಸಿಟ್ಟಿರುವ ‘ಸ್ಲಿಪರಿ ಹಿಲ್’ ತಾಣವೂ ಬಹಳ ಉಪಯುಕ್ತ. ಯೂಟ್ಯೂಬ್‌ನಲ್ಲೂ ಸಿಗುತ್ತದೆ ನಿಜ, ಆದರೆ ಅಲ್ಲಿ ಏರಿಸುವವರು ವರ್ಷ ಮತ್ತು ಊರನ್ನು ಬಿಟ್ಟುಬಿಡುವುದೇ ಹೆಚ್ಚು. ಆ ಎರಡು ಮಾಹಿತಿಯಿಲ್ಲದ ಮುದ್ರಣ ಕೇಳಲು ಚೆಂದ, ಜಾಡು ಹಿಡಿಯಲು ನಿರುಪಯೋಗಿ.

ಹಂತ 2: ತಂತಿಗಳನ್ನು ಹೇಗೆ ಕೂಡಿಸಿದ್ದಾರೆ ಎಂದು ಕಿವಿಯಿಂದ ಪತ್ತೆಮಾಡಿ

ಇಡೀ ಕೆಲಸದ ತಿರುಳು ಇಲ್ಲಿದೆ, ಹಾಗಾಗಿ ಇಲ್ಲಿ ಆತುರ ಬೇಡ.

ಪಾಶ್ಚಾತ್ಯ ಪಿಟೀಲಿನ ರೂಢಿಯ ಶ್ರುತಿ ಮಂದ್ರದಿಂದ ತಾರದ ಕಡೆಗೆ ಜಿ, ಡಿ, ಎ, ಇ (ಇವು ಪಾಶ್ಚಾತ್ಯ ಸ್ವರಗಳ ಹೆಸರುಗಳು). ಅಮೆರಿಕದ ಹಳ್ಳಿಯ ವಾದಕರು ಇದಕ್ಕೆ ಕಟ್ಟುಬಿದ್ದವರಲ್ಲ. ಮಟ್ಟಿಗೆ ತಕ್ಕಂತೆ ಬಿರಡೆ ತಿರುಗಿಸಿ ತಂತಿಗಳನ್ನು ಬೇರೆ ಬೇರೆ ರೀತಿಯಲ್ಲಿ ಕೂಡಿಸಿಕೊಳ್ಳುತ್ತಿದ್ದರು. ಬೆರಳಿಡದ ತಂತಿಗಳು ಆಧಾರಸ್ವರವಾಗಿ ಮೊರೆಯಬೇಕು, ಒಬ್ಬನೇ ವಾದಕ ಇಡೀ ಕುಣಿತದ ಕೋಣೆಯನ್ನು ತುಂಬಬೇಕು, ಅದಕ್ಕಾಗಿ ಈ ಉಪಾಯ.

ಅದರಲ್ಲಿ ಬಹಳ ಬಳಕೆಯಲ್ಲಿರುವ ಒಂದು ಕೂಡಿಕೆ ಎ, ಇ, ಎ, ಇ. ಇದನ್ನು ನಮ್ಮ ಲೆಕ್ಕದಲ್ಲಿ ಹೇಳಿದರೆ ಸ, ಪ, ಸ, ಪ. ಹೌದು, ಕರ್ನಾಟಕ ಸಂಗೀತದ ಪಿಟೀಲು ಕೂಡಿಸುವ ರೀತಿಯೇ! ಉತ್ತರ ಕೆರೊಲಿನಾದ ರೌಂಡ್ ಪೀಕ್ ಸೀಮೆಯ ಟಾಮಿ ಜ್ಯಾರಲ್ ತರಹದ ವಾದಕರ ಎಷ್ಟೋ ಮಟ್ಟುಗಳು ಈ ಕೂಡಿಕೆಯಲ್ಲಿವೆ. ಒಬ್ಬರನ್ನು ನೋಡಿ ಇನ್ನೊಬ್ಬರು ಕಲಿತದ್ದಲ್ಲ ಇದು. ಆಧಾರಶ್ರುತಿಯ ಮೇಲೆ ನಿಂತ ಸಂಗೀತಕ್ಕೆ ಎರಡು ಸ್ಥಾಯಿಯಲ್ಲಿ ಒಂದೇ ಬೆರಳುವಿನ್ಯಾಸ ಸಿಗುವುದು ಅನುಕೂಲ, ಎರಡೂ ಕಡೆಯವರು ಆ ಅನುಕೂಲವನ್ನು ತಮ್ಮಷ್ಟಕ್ಕೆ ಕಂಡುಕೊಂಡರು. ಮೈಸೂರಿನಲ್ಲೋ ಧಾರವಾಡದಲ್ಲೋ ಕೂತು ಈ ಮಟ್ಟುಗಳನ್ನು ಕಲಿಯುವವರಿಗೆ ಎ-ಇ-ಎ-ಇ ಮಟ್ಟುಗಳು ಬೇಗ ಕೈಗೆ ಹತ್ತುವುದಕ್ಕೆ ಕಾರಣವೂ ಇದೇ.

‘ಬೋನಪಾರ್ಟ್ಸ್ ರಿಟ್ರೀಟ್’ ಆ ಗುಂಪಿಗೆ ಸೇರಿದ್ದಲ್ಲ. ಅದರ ಕೂಡಿಕೆ ಡಿ, ಡಿ, ಎ, ಡಿ, ಅಂದರೆ ಸ, ಸ, ಪ, ಸ. ಮಂದ್ರದ ಜಿ ತಂತಿಯನ್ನು ಡಿ ತನಕ ಇಳಿಸುತ್ತಾರೆ, ಇದು ಐದು ಸ್ವರಸ್ಥಾನಗಳಷ್ಟು ಕೆಳಗೆ. ತಾರದ ಇ ತಂತಿಯನ್ನು ಎರಡು ಸ್ಥಾನ ಇಳಿಸಿ ಡಿ ಮಾಡುತ್ತಾರೆ. ನಡುವಿನ ಎರಡು ತಂತಿಗಳು ಹಾಗೇ ಇರುತ್ತವೆ. ಹೀಗೆ ಸಡಿಲಗೊಂಡ ಮಂದ್ರದ ತಂತಿ ಸ್ಪಷ್ಟವಾಗಿ ನುಡಿಯುವುದಿಲ್ಲ, ಗುರುಗುಟ್ಟುತ್ತದೆ. ಬೇಕಾಗಿರುವುದೂ ಅದೇ. ಚೀಲದ ಗಾಳಿಯಿಂದ ನುಡಿಯುವ ಬ್ಯಾಗ್‌ಪೈಪಿನ ಮೊರೆತವನ್ನು ಪಿಟೀಲಿನಲ್ಲಿ ತರುವ ಕೆಲಸ ಆ ತಂತಿಯದು. ಈ ಕೂಡಿಕೆಯನ್ನು ಬೇರೆ ಮಟ್ಟುಗಳಿಗೆ ಬಳಸುವುದು ಅಪರೂಪವಾದ್ದರಿಂದ ವಾದಕರು ಇದನ್ನು ‘ಬೋನಪಾರ್ಟ್ ಕೂಡಿಕೆ’ ಎಂದೇ ಕರೆಯುವುದುಂಟು.

ಹಾಗಾದರೆ ಮುದ್ರಣ ಕೇಳಿ ಕೂಡಿಕೆಯನ್ನು ಗುರುತಿಸುವುದು ಹೇಗೆ? ಮೊದಲು ಇಡೀ ಮಟ್ಟಿನಲ್ಲಿ ಬರುವ ಅತ್ಯಂತ ಕೆಳಗಿನ ಸ್ವರವನ್ನು ಹಿಡಿಯಿರಿ. ರೂಢಿಯ ಶ್ರುತಿಯಲ್ಲಿ ಪಿಟೀಲಿನ ತಳ ಜಿ. ಅದಕ್ಕೂ ಕೆಳಗೆ ಏನಾದರೂ ಕೇಳಿಸಿದರೆ ತಂತಿ ಇಳಿಸಿದ್ದಾರೆ ಎಂದರ್ಥ. ಆಮೇಲೆ ವೇಗವನ್ನು ಅರ್ಧಕ್ಕೆ ಇಳಿಸಿ, ವಾದಕ ಒಂದು ಪದಗುಚ್ಛ ಮುಗಿಸಿ ಬೆರಳೆತ್ತುವ ಜಾಗಕ್ಕೆ ಕಿವಿಗೊಡಿ. ಕಮಾನು ಮುಂದಕ್ಕೆ ಹೋದ ಮೇಲೂ ಹಿಂದೆ ಉಳಿದು ರಿಂಗಣಿಸುವ ಸ್ವರ ಯಾವುದು? ಬೆರಳಿಟ್ಟ ತಂತಿ ಹಾಗೆ ಉಳಿಯುವುದಿಲ್ಲ, ಖಾಲಿ ತಂತಿ ಮಾತ್ರ ಉಳಿಯುತ್ತದೆ. ಹೀಗೆ ಖಾಲಿ ತಂತಿಗಳನ್ನು ಒಂದೊಂದಾಗಿ ಹೆಕ್ಕಬಹುದು. ಕೊನೆಗೆ ಕಮಾನು ಒಟ್ಟಿಗೆ ಎರಡು ತಂತಿ ಎಳೆಯುವಾಗ ಯಾವ ಜೋಡಿ ಕೇಳಿಸುತ್ತದೆ ನೋಡಿ. ಪಕ್ಕಪಕ್ಕದ ತಂತಿಗಳಲ್ಲಿ ಸ ಮತ್ತು ಅದರ ಮೇಲಿನ ಸ್ಥಾಯಿಯ ಸ ಸಲೀಸಾಗಿ ಜೊತೆಯಾಗಿ ಬಂದರೆ ಅದು ರೂಢಿಯ ಶ್ರುತಿಯಲ್ಲ, ಡಿ-ಡಿ-ಎ-ಡಿ ಆಗಿರುವ ಸಂಭವವೇ ಹೆಚ್ಚು.

ಒಂದು ಎಚ್ಚರಿಕೆ. ಹಳೆಯ ಗ್ರಾಮಫೋನ್ ತಟ್ಟೆಗಳು ಸರಿಯಾದ ವೇಗದಲ್ಲಿ ತಿರುಗಿದ್ದವು ಎಂಬ ಖಾತರಿಯಿಲ್ಲ. ಬ್ಯಾಟರಿ ಇಳಿದರೆ, ಯಂತ್ರ ಬಳಲಿದರೆ ಶ್ರುತಿ ಏರುಪೇರಾಗುತ್ತದೆ. ಮೇಲಾಗಿ ಒಬ್ಬನೇ ಕೂತು ನುಡಿಸುವ ವಾದಕ ಶ್ರುತಿಪೆಟ್ಟಿಗೆ ನೋಡಿ ಕೂಡಿಸುತ್ತಿರಲಿಲ್ಲ. ಆದ್ದರಿಂದ ಟ್ಯೂನರ್ ತೋರಿಸುವ ಅಕ್ಷರಕ್ಕೆ ಜೋತುಬೀಳಬೇಡಿ, ತಂತಿಗಳ ನಡುವಿನ ಅಂತರವನ್ನು ನೋಡಿ. ಇದರಲ್ಲಂತೂ ನಮ್ಮವರು ಪಳಗಿದ್ದಾರೆ. ಸ ಎಲ್ಲಿಟ್ಟರೂ ಪ ಎಲ್ಲಿದೆಯೆಂದು ಕಿವಿಗೆ ಗೊತ್ತಿರುತ್ತದೆ.

ಹಂತ 3: ಮಟ್ಟಿನ ಎಲುಬುಗೂಡನ್ನು ಬರೆದಿಡಿ

ಪ್ರತಿ ಸ್ವರವನ್ನೂ ಬರೆಯಬೇಡಿ. ಹಾಗೆ ಬರೆದರೆ ಎರಡು ಮುದ್ರಣ ಹೋಲಿಸುವಾಗ ಅಲಂಕಾರಗಳ ಗೊಂಡಾರಣ್ಯದಲ್ಲಿ ಕಳೆದುಹೋಗುತ್ತೀರಿ. ಮಟ್ಟಿಗೆ ಎಷ್ಟು ಭಾಗ, ಪ್ರತಿ ಭಾಗ ಎಷ್ಟು ಬಾರಿ ಬರುತ್ತದೆ, ಪ್ರತಿ ಸಾಲು ಎಲ್ಲಿ ಶುರುವಾಗಿ ಯಾವ ಸ್ವರದಲ್ಲಿ ನಿಲ್ಲುತ್ತದೆ, ಇಷ್ಟನ್ನು ಸರಿಗಮದಲ್ಲೇ ಬರೆದುಕೊಂಡರೆ ಸಾಕು. ಸ ಅನ್ನು ಡಿಯಲ್ಲಿ ಇಡಿ.

ಈ ಮಟ್ಟಿನ ಸ್ವರಸ್ಥಾನಗಳು ಒಟ್ಟಾರೆ ಶಂಕರಾಭರಣ ರಾಗಕ್ಕೆ ಹತ್ತಿರ. ಆದರೆ ಹಳೆಯ ಬೆಟ್ಟಸೀಮೆಯ ವಾದಕರ ಗ ಮತ್ತು ನಿ ಎಷ್ಟೋ ಸಲ ಪಿಯಾನೋದ ಎರಡು ಮನೆಗಳ ನಡುವೆ ಬೀಳುತ್ತವೆ. ಅದು ಅಪಸ್ವರವಲ್ಲ, ಅವರ ರೂಢಿ. ಪಾಶ್ಚಾತ್ಯ ಸ್ವರಲಿಪಿಯಲ್ಲಿ ಬರೆದವರು ಇವನ್ನು ಹತ್ತಿರದ ಮನೆಗೆ ತಳ್ಳಿಬಿಡುತ್ತಾರೆ. ನೀವು ತಳ್ಳಬೇಡಿ, ಗ ಪಕ್ಕದಲ್ಲಿ ಒಂದು ಬಾಣದ ಗುರುತು ಹಾಕಿ.

ಭಾಗಗಳಿಗೆ ಅವರದೇ ಹೆಸರುಗಳಿವೆ. ಮೇಲಿನ ತಂತಿಗಳಲ್ಲಿ ಬರುವ ಭಾಗ ‘ಫೈನ್’, ಕೆಳಗಿನ ತಂತಿಗಳ ಭಾಗ ‘ಕೋರ್ಸ್’. ತಾಳದ ಲೆಕ್ಕದಲ್ಲಿ ಒಂದೆರಡು ಮಾತ್ರೆ ಹೆಚ್ಚಾಗಿಯೋ ಕಡಿಮೆಯಾಗಿಯೋ ಬಂದರೆ ಅದನ್ನು ‘ಕ್ರುಕೆಡ್’ ಮಟ್ಟು ಎನ್ನುತ್ತಾರೆ. ಹಾಗೆ ಬಂದಾಗ ವಾದಕ ತಪ್ಪಿದ ಎಂದು ನೀವೇ ಸರಿಪಡಿಸಿ ಬರೆಯಬೇಡಿ. ಅವನು ಮುಂದಿನ ಸುತ್ತಿನಲ್ಲೂ ಅಲ್ಲೇ ಆ ಮಾತ್ರೆಯನ್ನು ಬಿಟ್ಟರೆ ಅದು ಅವನ ಪಾಠಾಂತರದ ಗುರುತು. ಇನ್ನೊಬ್ಬ ವಾದಕನಲ್ಲೂ ಅದೇ ಜಾಗದಲ್ಲಿ ಅದೇ ಸೊಟ್ಟು ಕಂಡಿತೆಂದರೆ ಅವರಿಬ್ಬರ ನಡುವೆ ಸಂಬಂಧ ಇರಲೇಬೇಕು. ಹಸ್ತಪ್ರತಿಗಳನ್ನು ಹೋಲಿಸುವ ವಿದ್ವಾಂಸರು ಒಂದೇ ಲಿಪಿದೋಷ ಎರಡು ಓಲೆಗರಿಯಲ್ಲಿ ಕಂಡಾಗ ಮಾಡುವ ತರ್ಕವೇ ಇದು.

ಹಂತ 4: ಉಳಿದ ಮುದ್ರಣಗಳನ್ನು ಒಟ್ಟುಗೂಡಿಸಿ

ಈಗ ಗೂಟದಿಂದ ಹೊರಡಬಹುದು. ವಾಣಿಜ್ಯ ತಟ್ಟೆಗಳಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಶಾಖೆ ನಡೆಸುವ ‘ಡಿಸ್ಕೋಗ್ರಫಿ ಆಫ್ ಅಮೆರಿಕನ್ ಹಿಸ್ಟಾರಿಕಲ್ ರೆಕಾರ್ಡಿಂಗ್ಸ್’ ಮೊದಲ ನಿಲ್ದಾಣ. ಕಂಪನಿ, ತಟ್ಟೆಯ ಸಂಖ್ಯೆ, ಮುದ್ರಿಸಿದ ದಿನ, ಊರು ಎಲ್ಲ ಅಲ್ಲಿ ಸಿಗುತ್ತವೆ. ನಮ್ಮ ಮಟ್ಟು 1924ರಷ್ಟು ಹಿಂದೆಯೇ ತಟ್ಟೆಗೆ ಏರಿದೆ: ಜಾರ್ಜಿಯಾದ ಎ.ಎ. ಗ್ರೇ ಎಂಬ ವಾದಕ ಓಕೆ ಕಂಪನಿಗಾಗಿ ನುಡಿಸಿದ. ಸ್ಟೆಪ್‌ಗಿಂತ ಹದಿಮೂರು ವರ್ಷ ಮೊದಲು, ಇನ್ನೊಂದು ರಾಜ್ಯದಲ್ಲಿ. ಇವೆರಡನ್ನು ಬೆನ್ನುಬೆನ್ನಿಗೆ ಹಾಕಿ ಕೇಳಿದರೆ ಪಾಠಾಂತರ ಎಂಬ ಮಾತಿಗೆ ವಿವರಣೆಯೇ ಬೇಡ.

ಮಟ್ಟಿನ ಹೆಸರು ಹಾಕಿದರೆ ಅದರ ಬಗ್ಗೆ ಗೊತ್ತಿರುವುದನ್ನೆಲ್ಲ ಒಂದೇ ಪುಟದಲ್ಲಿ ಹರಡುವ ‘ಟ್ರೆಡಿಷನಲ್ ಟ್ಯೂನ್ ಆರ್ಕೈವ್’ ತಾಣ ಎರಡನೆಯ ನಿಲ್ದಾಣ. ಆಂಡ್ರ್ಯೂ ಕುಂಟ್ಜ್ ವರ್ಷಗಟ್ಟಲೆ ಕಲೆಹಾಕಿದ ‘ಫಿಡ್ಲರ್ಸ್ ಕಂಪ್ಯಾನಿಯನ್’ ಅದಕ್ಕೆ ಬುನಾದಿ. ಅಲ್ಲಿ ಸಿಗುವ ಹೇಳಿಕೆಗಳನ್ನು ಸುಳಿವು ಎಂದು ತೆಗೆದುಕೊಳ್ಳಿ, ತೀರ್ಪು ಎಂದಲ್ಲ.

ನೋಟ್‌ಬುಕ್ಕಿನಲ್ಲಿ ಪ್ರತಿ ಮುದ್ರಣಕ್ಕೂ ಒಂದು ಸಾಲು: ವಾದಕ, ಹುಟ್ಟಿದ ವರ್ಷ, ಊರು, ಮುದ್ರಿಸಿದ ವರ್ಷ, ಕೂಡಿಕೆ, ವೇಗ, ಭಾಗಗಳ ಸಂಖ್ಯೆ, ಯಾರಿಂದ ಕಲಿತದ್ದು. ಇವುಗಳಲ್ಲಿ ಜನ ಮರೆಯುವುದು ವಾದಕ ಹುಟ್ಟಿದ ವರ್ಷವನ್ನು. ಅದು ಮುದ್ರಣದ ವರ್ಷಕ್ಕಿಂತ ಮುಖ್ಯ. 1937ರಲ್ಲಿ ಮುದ್ರಣಗೊಂಡರೂ 1875ರಲ್ಲಿ ಹುಟ್ಟಿದ ಸ್ಟೆಪ್‌ನ ಕಿವಿ ರೂಪುಗೊಂಡದ್ದು ಹತ್ತೊಂಬತ್ತನೇ ಶತಮಾನದಲ್ಲಿ, ರೇಡಿಯೋಗೂ ತಟ್ಟೆಗೂ ಮೊದಲು.

ಕೊನೆಯ ಮನೆ, ಯಾರಿಂದ ಕಲಿತದ್ದು ಎಂಬುದು, ತುಂಬುವುದು ಕಷ್ಟ. ತುಂಬಿದಾಗ ಮಾತ್ರ ಜಿಗಿತ ದೊಡ್ಡದು. ವರ್ಜೀನಿಯಾದ ಗ್ಲೆನ್ ಲಿನ್ ಊರಿನ ಹೆನ್ರಿ ರೀಡ್ ಇದಕ್ಕೆ ಒಳ್ಳೆಯ ನಿದರ್ಶನ. 1884ರಲ್ಲಿ ಹುಟ್ಟಿದ ಆತನನ್ನು 1966–67ರಲ್ಲಿ ಅಲನ್ ಜಬೂರ್ ಎಂಬ ವಿದ್ಯಾರ್ಥಿ ಧ್ವನಿಮುದ್ರಿಸಿದ. ಜಬೂರ್ ಮುಂದೆ ಲೈಬ್ರರಿ ಆಫ್ ಕಾಂಗ್ರೆಸ್‌ನ ಅಮೆರಿಕನ್ ಫೋಕ್‌ಲೈಫ್ ಸೆಂಟರಿನ ಮೊದಲ ನಿರ್ದೇಶಕನಾದ. ರೀಡ್ ಹುಡುಗನಾಗಿದ್ದಾಗ ಎಷ್ಟೋ ಮಟ್ಟುಗಳನ್ನು ಕ್ವಿನ್ಸ್ ಡಿಲಿಯನ್ ಎಂಬ ಮುದುಕನಿಂದ ಕಲಿತಿದ್ದ, ಆ ಮುದುಕ ಸೈನ್ಯದಲ್ಲಿ ಕೊಳಲು ಊದಿದವನು. 1960ರ ದಶಕದ ಟೇಪಿನಿಂದ ಎರಡೇ ಹೆಜ್ಜೆಯಲ್ಲಿ ಹತ್ತೊಂಬತ್ತನೇ ಶತಮಾನದ ಮೊದಲರ್ಧಕ್ಕೆ ಹೋಗಿಬಿಡುತ್ತೇವೆ.

ಹಂತ 5: ಹೆಸರನ್ನು ಪಾಟೀಸವಾಲಿಗೆ ಒಳಪಡಿಸಿ

ನೆಪೋಲಿಯನ್ ಮಾಸ್ಕೋದಿಂದ ಹಿಮ್ಮೆಟ್ಟಿದ್ದು 1812ರಲ್ಲಿ, ವಾಟರ್‌ಲೂನಲ್ಲಿ ಸೋತದ್ದು 1815ರಲ್ಲಿ. ಮಟ್ಟು ಇದರಲ್ಲಿ ಯಾವುದನ್ನು ಚಿತ್ರಿಸುತ್ತದೆ ಎಂದು ಕೇಳಿದರೆ ಒಬ್ಬೊಬ್ಬ ವಾದಕ ಒಂದೊಂದು ಹೇಳುತ್ತಾನೆ. ಕೆಲವರು ನುಡಿಸುತ್ತಾ ಕಥೆಯನ್ನೂ ಕಟ್ಟುತ್ತಿದ್ದರು: ಇದೀಗ ಬ್ಯಾಗ್‌ಪೈಪು, ಇದೀಗ ಗುಂಡಿನ ಸದ್ದು, ಇದೀಗ ಓಡುವ ಸೈನ್ಯ. ಕೇಳಲು ಸೊಗಸು. ಆದರೆ ಇದರಿಂದ ಮಟ್ಟು 1812ರಲ್ಲೋ 1815ರಲ್ಲೋ ಹುಟ್ಟಿತು ಎಂದು ಹೇಳಲಾಗದು. ಹಳೆಯ ಮಟ್ಟಿಗೆ ಹೊಸ ಸುದ್ದಿಯ ಹೆಸರಿಡುವುದು ಈ ಪರಂಪರೆಯ ನಿತ್ಯದ ಅಭ್ಯಾಸ. ಹೆನ್ರಿ ರೀಡ್‌ನ ಸಂಗ್ರಹದಲ್ಲೇ ‘ಸಾಂಟಾ ಆನಾಸ್ ರಿಟ್ರೀಟ್’ ಇದೆ, ಅದರಲ್ಲಿ ಓಡುವವನು ಮೆಕ್ಸಿಕೋದ ಸೇನಾಪತಿ. ‘ಬೋನಪಾರ್ಟ್ ಕ್ರಾಸಿಂಗ್ ದ ರೈನ್’ ಒಂದು ಮಟ್ಟು, ‘ಬೋನಪಾರ್ಟ್ ಕ್ರಾಸಿಂಗ್ ದ ರಾಕಿ ಮೌಂಟನ್ಸ್’ ಇನ್ನೊಂದು. ನೆಪೋಲಿಯನ್ ಅಮೆರಿಕದ ಕಡೆ ತಲೆಹಾಕಿಯೂ ಮಲಗಿದವನಲ್ಲ, ಆದರೂ ಪಿಟೀಲಿನವರು ಅವನನ್ನು ರಾಕಿ ಪರ್ವತ ದಾಟಿಸಿದ್ದಾರೆ.

ನೆಪೋಲಿಯನ್ ಯಾಕೆ ಎಂಬ ಪ್ರಶ್ನೆಗೆ ಉತ್ತರ ಐರ್ಲೆಂಡಿನಲ್ಲಿದೆ. ಇಂಗ್ಲೆಂಡಿನ ಆಳ್ವಿಕೆಯಿಂದ ಬೇಸತ್ತ ಐರಿಷ್ ಜನರಲ್ಲಿ ಬಹಳ ಮಂದಿಗೆ ಅವನು ಬಿಡುಗಡೆಯ ಆಸೆ. ಅವನ ಸೋಲಿನ ಬಗ್ಗೆ ಮರುಗುವ ಲಾವಣಿಗಳು ಹುಟ್ಟಿದವು, ವಲಸಿಗರೊಂದಿಗೆ ಕಡಲು ದಾಟಿದವು.

ಹೆಸರಿನ ಬಲೆಯಲ್ಲಿ ಎರಡನೇ ಕುಣಿಕೆಯೂ ಇದೆ. ಐರ್ಲೆಂಡಿನ ಕುಣಿತದ ಸಂಪ್ರದಾಯದಲ್ಲೂ ‘ಬೋನಪಾರ್ಟ್ಸ್ ರಿಟ್ರೀಟ್’ ಇದೆ, ದ ಚೀಫ್‌ಟನ್ಸ್ ತಂಡ 1976ರಲ್ಲಿ ಅದೇ ಹೆಸರಿನ ಆಲ್ಬಂ ತಂದಿದೆ. ಹುಡುಕಾಟದಲ್ಲಿ ಅದೇ ಮೊದಲು ಕಂಡರೆ ಮೂಲ ಸಿಕ್ಕಿತು ಎಂದು ಹಿಗ್ಗಬೇಡಿ. ಐರಿಷ್ ಕುಣಿತದ ಮಟ್ಟು ಬೇರೆ, ಕೆಂಟಕಿಯದು ಬೇರೆ. ಮೂರನೇ ಹಂತದಲ್ಲಿ ಬರೆದ ಎಲುಬುಗೂಡನ್ನು ಪಕ್ಕದಲ್ಲಿಟ್ಟು ನೋಡಿದರೆ ಅನುಮಾನಕ್ಕೆ ಎಡೆಯೇ ಇರುವುದಿಲ್ಲ.

ಹಂತ 6: ಕಡಲಾಚೆಯ ನಂಟನ್ನು ಹದವಾಗಿ ಹೇಳಿ

ಸಂಶೋಧಕರು ನಮ್ಮ ಮಟ್ಟನ್ನು ‘ದ ಈಗಲ್ಸ್ ವಿಸಲ್’ ಎಂಬ ಹಳೆಯ ಐರಿಷ್ ನಡೆಗೆಯ ಮಟ್ಟಿನ ಜೊತೆ ಹೋಲಿಸಿದ್ದಾರೆ. ಎರಡನ್ನೂ ಕೇಳಿ, ಸಾಲುಗಳ ನಿಲುಗಡೆಗಳನ್ನು ಹೋಲಿಸಿ, ನೀವೇ ತೀರ್ಮಾನಿಸಿ. ಹೋಲಿಕೆ ಕಂಡರೆ ‘ನಂಟು’ ಎಂದು ಬರೆಯಿರಿ, ‘ತಾಯಿ’ ಎಂದು ಬರೆಯಬೇಡಿ. ಎರಡಕ್ಕೂ ಹಿಂದೆ ಮೂರನೆಯದೊಂದು ಇದ್ದಿರಬಹುದು.

ಎಲ್ಲವನ್ನೂ ಐರ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಲೆಕ್ಕಕ್ಕೆ ಬರೆಯುವ ಹಳೆಯ ಚಾಳಿಯಿಂದ ದೂರವಿರುವುದು ಇದಕ್ಕಿಂತ ಮುಖ್ಯ. ಗುಲಾಮಗಿರಿಯ ಕಾಲದಿಂದಲೂ ದಕ್ಷಿಣದ ಕುಣಿತಗಳಿಗೆ ಪಿಟೀಲು ನುಡಿಸಿದವರಲ್ಲಿ ಕಪ್ಪು ಜನರು ದೊಡ್ಡ ಸಂಖ್ಯೆಯಲ್ಲಿದ್ದರು. ಪಿಟೀಲಿನ ಜೊತೆಗಾರನಾದ ಬ್ಯಾಂಜೋ ಆಫ್ರಿಕದ ವಾದ್ಯಗಳ ವಂಶದ್ದು. ದಕ್ಷಿಣದ ಕಮಾನಿನ ನಡೆಯಲ್ಲಿ ಒತ್ತು ತಾಳದ ಹೊಡೆತಕ್ಕೆ ಬೀಳದೆ ಅದರ ಆಚೀಚೆ ಬೀಳುವುದು ಆಫ್ರಿಕನ್ ಅಮೆರಿಕನ್ನರ ಕೊಡುಗೆ ಎಂದು ಜಬೂರ್ ವಾದಿಸಿದ್ದ. ಮಟ್ಟಿನ ಸ್ವರಗಳು ಒಂದು ದಂಡೆಯಿಂದ ಬಂದಿದ್ದರೂ ಅದನ್ನು ಎಳೆಯುವ ಕಮಾನು ಇನ್ನೊಂದು ದಂಡೆಯಿಂದ ಬಂದಿರುತ್ತದೆ. ನಿಮ್ಮ ನೋಟ್‌ಬುಕ್ಕಿನಲ್ಲಿ ಎರಡಕ್ಕೂ ಬೇರೆ ಬೇರೆ ಮನೆ ಇರಲಿ.

ಅಂದಹಾಗೆ ಇದೇ ಕಾಲದಲ್ಲಿ ಇದೇ ದ್ವೀಪಗಳ ಮಟ್ಟುಗಳು ಪೂರ್ವಕ್ಕೂ ಬಂದವು. ಮದರಾಸಿನ ಈಸ್ಟ್ ಇಂಡಿಯಾ ಕಂಪನಿಯ ಬ್ಯಾಂಡುಗಳಿಂದ ಕೇಳಿದ ಮಟ್ಟುಗಳಿಗೆ ಮುತ್ತುಸ್ವಾಮಿ ದೀಕ್ಷಿತರು ಸಂಸ್ಕೃತ ಸಾಹಿತ್ಯ ಹೊಂದಿಸಿ ನೋಟ್ಟುಸ್ವರಗಳನ್ನು ಮಾಡಿದರು. ‘ವಂದೇ ಮೀನಾಕ್ಷಿ’ ಇರುವುದು ‘ಲಿಮರಿಕ್’ ಎಂಬ ಮಟ್ಟಿನ ಮೇಲೆ. ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರು ಪಿಟೀಲು ಕಲಿತರು. ಪಾಠಾಂತರ ಹೇಗೆ ಹುಟ್ಟುತ್ತದೆ ಎಂದು ತಿಳಿಯಲು ಮಕ್ಕಳಿಗೆ ಹೇಳಿಕೊಡುವ ನೋಟ್ಟುಸ್ವರಗಳೂ ಒಂದು ಪಾಠಶಾಲೆಯೇ.

ಹಂತ 7: ಕಾಗದದ ದಾರಿ ಮತ್ತು ದುಡ್ಡಿನ ದಾರಿಯನ್ನು ಬೇರೆಯಾಗಿ ಹಿಂಬಾಲಿಸಿ

ಕಿವಿಯ ದಾರಿಯಲ್ಲಿ ಮಟ್ಟು ನಿಧಾನ ಬದಲಾಗುತ್ತದೆ. ಕಾಗದದ ದಾರಿಯಲ್ಲಿ ಒಂದೇ ಏಟಿಗೆ ಕಲ್ಲಾಗಿಬಿಡುತ್ತದೆ.

ಸ್ಟೆಪ್‌ನ ತಟ್ಟೆ ವಾಷಿಂಗ್ಟನ್ ತಲುಪಿದ ಮೇಲೆ ರೂತ್ ಕ್ರಾಫರ್ಡ್ ಸೀಗರ್ ಅದನ್ನು ಸ್ವರಲಿಪಿಗೆ ಇಳಿಸಿದಳು. ಸ್ವತಃ ಆಧುನಿಕ ಸಂಗೀತದ ಸಂಯೋಜಕಿ, ಗಾಯಕ ಪೀಟ್ ಸೀಗರ್‌ನ ಮಲತಾಯಿ. ತಟ್ಟೆಯನ್ನು ಮತ್ತೆ ಮತ್ತೆ ಕೇಳಿ, ಹಳ್ಳಿಯ ವಾದಕನ ಒಂದೊಂದು ಒತ್ತನ್ನೂ ಕಾಗದದಲ್ಲಿ ಹಿಡಿಯಲು ಹೆಣಗಿದವಳು. ಎಷ್ಟು ಬರೆಯಬೇಕು, ಎಷ್ಟು ಬಿಡಬೇಕು ಎಂಬ ಬಗ್ಗೆ ಆಕೆ ಬರೆದ ದೀರ್ಘ ಪ್ರಬಂಧ ಪುಸ್ತಕವಾಗಿ ಹೊರಬಂದದ್ದು 2001ರಲ್ಲಿ, ಆಕೆ ತೀರಿಕೊಂಡು ದಶಕಗಳಾದ ಮೇಲೆ. ಸ್ಟೆಪ್‌ನ ಮಟ್ಟಿನ ಲಿಪಿ ಲೋಮ್ಯಾಕ್ಸ್ ತಂದೆ ಮಗ 1941ರಲ್ಲಿ ಪ್ರಕಟಿಸಿದ ‘ಅವರ್ ಸಿಂಗಿಂಗ್ ಕಂಟ್ರಿ’ ಸಂಗ್ರಹದಲ್ಲಿ ಸೇರಿತು.

ಆ ಪುಟ ಸಂಯೋಜಕ ಏರನ್ ಕೋಪ್‌ಲ್ಯಾಂಡ್‌ನ ಕೈಸೇರಿತು. ನೃತ್ಯ ಸಂಯೋಜಕಿ ಆಗ್ನೆಸ್ ಡ ಮಿಲ್‌ಗಾಗಿ ಬರೆಯುತ್ತಿದ್ದ ‘ರೋಡಿಯೋ’ ಬ್ಯಾಲೆಯ ಕೊನೆಯ ಭಾಗ ‘ಹೋ-ಡೌನ್’ಗೆ ಆತ ಸ್ಟೆಪ್‌ನ ಪಾಠವನ್ನು ಹೆಚ್ಚುಕಡಿಮೆ ಸ್ವರಕ್ಕೆ ಸ್ವರ ಇಳಿಸಿಕೊಂಡ. 1942ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ಪ್ರದರ್ಶನ. 1972ರಲ್ಲಿ ಎಮರ್ಸನ್, ಲೇಕ್ ಅಂಡ್ ಪಾಮರ್ ಎಂಬ ರಾಕ್ ತಂಡ ಅದನ್ನು ವಿದ್ಯುತ್ ಕೀಬೋರ್ಡಿನ ಮೇಲೆ ನುಡಿಸಿತು. 1990ರ ದಶಕದಲ್ಲಿ ಅಮೆರಿಕದ ಟೀವಿಯಲ್ಲಿ ದನದ ಮಾಂಸದ ಜಾಹೀರಾತಿಗೆ ಅದೇ ಸಂಗೀತ. ಮಟ್ಟನ್ನು ಕೇಳಿದವರು ಕೋಟಿ ಕೋಟಿ, ಅವರಲ್ಲಿ ಸ್ಟೆಪ್‌ನ ಹೆಸರು ಕೇಳಿದವರು ಬೆರಳೆಣಿಕೆ.

ಇಲ್ಲಿ ಗಮನಿಸಬೇಕಾದದ್ದು ಏನು ಉಳಿಯಿತು, ಏನು ಹೋಯಿತು ಎಂಬುದು. ಸ್ವರಗಳು ಉಳಿದವು, ವೇಗ ಉಳಿಯಿತು. ವಾದ್ಯವೃಂದದ ಪಿಟೀಲುಗಳು ರೂಢಿಯ ಶ್ರುತಿಯಲ್ಲೇ ಇರುವುದರಿಂದ ಗುರುಗುಟ್ಟುವ ಮಂದ್ರದ ಡಿ ಹೋಯಿತು. ಒಬ್ಬ ಮನುಷ್ಯನ ವಿಚಿತ್ರ ಅವಸರ ಇಡೀ ಮಟ್ಟಿನ ಗುರುತಾಗಿ ನಿಂತಿತು. ಬೇರೆ ವಾದಕನ ಮುಂದೆ ಲೋಮ್ಯಾಕ್ಸ್ ಯಂತ್ರ ಇಟ್ಟಿದ್ದರೆ ಇವತ್ತು ಜಗತ್ತಿಗೆ ಗೊತ್ತಿರುವ ‘ಹೋ-ಡೌನ್’ ಇರುತ್ತಲೇ ಇರಲಿಲ್ಲ.

ದುಡ್ಡಿನ ದಾರಿ ಇನ್ನೊಂದು. 1950ರ ಸುಮಾರಿಗೆ ಪೀ ವೀ ಕಿಂಗ್ ಎಂಬ ಸಂಗೀತಗಾರ ಈ ಮಟ್ಟಿಗೆ ಪ್ರೇಮದ ಸಾಹಿತ್ಯ ಹೊಂದಿಸಿದ, 1950ರಲ್ಲಿ ಕೇ ಸ್ಟಾರ್ ಹಾಡಿ ಜನಪ್ರಿಯಗೊಳಿಸಿದಳು, 1974ರಲ್ಲಿ ಗ್ಲೆನ್ ಕ್ಯಾಂಪ್‌ಬೆಲ್ ಮತ್ತೆ ಹಾಡಿದ. ಕ್ಯಾಂಪ್‌ಬೆಲ್‌ನ ಮುದ್ರಣದಲ್ಲಿ ನಿಜವಾದ ಬ್ಯಾಗ್‌ಪೈಪು ಮೊಳಗುತ್ತದೆ! ಪಿಟೀಲಿನವರು ತಂತಿ ಸಡಿಲಿಸಿ ಅನುಕರಿಸುತ್ತಿದ್ದ ವಾದ್ಯವೇ ಕೊನೆಗೆ ಮಟ್ಟಿನೊಳಗೆ ಬಂದು ಕೂತಿತು. ತಟ್ಟೆಗಳ ಮೇಲೆ ರಚನೆಕಾರನೆಂದು ಪೀ ವೀ ಕಿಂಗ್‌ನ ಹೆಸರಿರುತ್ತದೆ. ಹಕ್ಕುಸ್ವಾಮ್ಯದ ಹೆಸರು ಹಣ ಯಾರಿಗೆ ಹೋಗಬೇಕು ಎಂದು ಹೇಳುತ್ತದೆ, ಮಟ್ಟು ಎಲ್ಲಿಂದ ಬಂತು ಎಂದು ಹೇಳುವುದಿಲ್ಲ. ಅಂತರ್ಜಾಲದ ಪಟ್ಟಿಗಳಲ್ಲಿ ಈ ಎರಡನ್ನು ಕಲಸುವುದು ಬಹಳ ಸಾಮಾನ್ಯ.

ಹಂತ 8: ನುಡಿಸಿ ಪರೀಕ್ಷಿಸಿ

ಕೇಳಿ ಬರೆದದ್ದು ಸರಿಯೋ ಎಂದು ಕೈಯೇ ಹೇಳಬೇಕು. ಪಿಟೀಲನ್ನು ಮೊದಲು ಪಾಶ್ಚಾತ್ಯ ರೂಢಿಯಲ್ಲಿ, ಜಿ-ಡಿ-ಎ-ಇಗೆ ಕೂಡಿಸಿಕೊಳ್ಳಿ. ಸ-ಪ-ಸ-ಪದಿಂದ ನೇರವಾಗಿ ಸ-ಸ-ಪ-ಸಕ್ಕೆ ಹೋಗಲು ಯತ್ನಿಸಿದರೆ ಮೂರು ತಂತಿಗಳನ್ನು ಏರಿಸಬೇಕಾಗುತ್ತದೆ, ತಂತಿ ಕಡಿಯುತ್ತದೆ. ಕರ್ನಾಟಕ ಶ್ರುತಿಗೆಂದು ಹಾಕಿದ ತಂತಿಗಳಿದ್ದರೆ ಅವನ್ನೂ ಎಳೆಯಬೇಡಿ, ಬೇರೆ ತಂತಿ ಹಾಕುವುದೇ ಕ್ಷೇಮ. ಜಿ-ಡಿ-ಎ-ಇಯಿಂದ ಹೊರಟರೆ ಎರಡು ತಂತಿ ಇಳಿಸುವ ಕೆಲಸವಷ್ಟೆ. ಇ ತಂತಿಯನ್ನು ಡಿಗೆ, ಆಮೇಲೆ ಜಿ ತಂತಿಯನ್ನು ಕೆಳಗಿನ ಡಿಗೆ, ನಡುವಿನ ಡಿ ತಂತಿಯ ಜೊತೆ ಸ್ಥಾಯಿ ಕೂಡುವ ತನಕ. ಒಂದು ತಂತಿ ಇಳಿಸಿದಾಗ ಉಳಿದವು ಜಗ್ಗುತ್ತವೆ, ಆದ್ದರಿಂದ ಎರಡು ಮೂರು ಸುತ್ತು ಕೂಡಿಸಬೇಕು. ಕುದುರೆ (ತಂತಿಗಳನ್ನು ಎತ್ತಿಹಿಡಿಯುವ ಮರದ ತುಂಡು) ವಾಲಿದೆಯೇ ನೋಡಿಕೊಳ್ಳಿ.

ಮೊದಲ ಕೆಲವು ನಿಮಿಷ ಮಟ್ಟು ನುಡಿಸಲೇಬೇಡಿ. ಖಾಲಿ ತಂತಿಗಳನ್ನು ಎರಡೆರಡಾಗಿ ಎಳೆಯುತ್ತಾ ವಾದ್ಯ ಹೇಗೆ ಮೊರೆಯುತ್ತದೆ ಎಂಬುದಕ್ಕೆ ಕಿವಿ ಹೊಂದಿಸಿಕೊಳ್ಳಿ. ಮೇಲಿನ ತಂತಿಯ ಬೆರಳುಗಳು ಅಭ್ಯಾಸದ ಜಾಗದಲ್ಲಿ ಬೀಳುವುದಿಲ್ಲ, ಆ ತಂತಿ ಎರಡು ಸ್ಥಾನ ಇಳಿದಿದೆಯಲ್ಲ. ಸಡಿಲಾದ ಮಂದ್ರದ ತಂತಿಯನ್ನು ಒತ್ತಿ ಎಳೆದರೆ ಶ್ರುತಿ ಬಾಗುತ್ತದೆ, ಕಮಾನನ್ನು ಹಗುರವಾಗಿ ತೇಲಿಸಿ.

ನಮ್ಮವರಿಗೆ ಕಷ್ಟವಾಗುವುದು ಎಡಗೈ ಅಲ್ಲ, ಬಲಗೈ. ಹಾಡುಗಾರಿಕೆಯನ್ನು ಅನುಸರಿಸುವ ಶೈಲಿಯಲ್ಲಿ ಉದ್ದ ಕಮಾನಿಗೆ ಒಗ್ಗಿದ ಕೈಗೆ ಇಲ್ಲಿನ ಚಿಕ್ಕ ಚಿಕ್ಕ ಎಳೆತಗಳು ಒರಟೆನಿಸುತ್ತವೆ. ಗಮಕವನ್ನು ಪೂರ್ತಿ ಬಿಟ್ಟುಬಿಡಿ. ಇಲ್ಲಿ ಅಲಂಕಾರವೆಲ್ಲ ಕಮಾನಿನಲ್ಲೇ ಆಗುತ್ತದೆ: ಒಂದು ದೀರ್ಘ ಎಳೆತ, ಹಿಂದೆಯೇ ಎರಡು ಹ್ರಸ್ವ, ಆ ವಿನ್ಯಾಸವನ್ನು ಬಿಡದೆ ತಿರುಗಿಸುತ್ತಾ ಪಕ್ಕದ ಖಾಲಿ ತಂತಿಯನ್ನೂ ಸವರಿಕೊಂಡು ಹೋಗುವುದು. ಮೊದಲು ನಡೆಗೆಯ ವೇಗದಲ್ಲೇ ಕಲಿಯಿರಿ. ಈ ವೇಗದಲ್ಲೇ ಮೊರೆತ ಅರಳುತ್ತದೆ, ನನಗಂತೂ ಈ ರೂಪವೇ ಹೆಚ್ಚು ಇಷ್ಟ. ಸ್ಟೆಪ್‌ನ ವೇಗಕ್ಕೆ ಆಮೇಲೆ ಏರಿದರೆ ಆತ ಏನನ್ನು ಬಿಟ್ಟುಕೊಟ್ಟು ಏನನ್ನು ಗಳಿಸಿದ ಎಂಬುದು ಕೈಗೇ ಗೊತ್ತಾಗುತ್ತದೆ.

ಅದೇ ಮಟ್ಟನ್ನು ಒಮ್ಮೆ ರೂಢಿಯ ಶ್ರುತಿಯಲ್ಲೂ ನುಡಿಸಿ. ಕೆಲವು ಸಾಲುಗಳು ತಡವರಿಸುತ್ತವೆ, ಕೆಲವು ಸಲೀಸಾಗುತ್ತವೆ. ತಡವರಿಸುವ ಸಾಲುಗಳು ಡಿ-ಡಿ-ಎ-ಡಿಯಲ್ಲಿ ಹುಟ್ಟಿದವು ಎಂದು ಧೈರ್ಯವಾಗಿ ಗುರುತು ಹಾಕಿ.

ಮುಗಿದ ಮೇಲೆ ತಂತಿಗಳನ್ನು ಒಂದೇ ಏಟಿಗೆ ಏರಿಸಬೇಡಿ. ಸ್ವಲ್ಪ ಸ್ವಲ್ಪವೇ ಏರಿಸಿ ಕುದುರೆಯನ್ನು ನೆಟ್ಟಗೆ ಮಾಡಿಕೊಳ್ಳಿ. ಇದೇ ಹಂತಗಳನ್ನು ಇನ್ನೊಂದು ಮಟ್ಟಿನ ಮೇಲೆ ಪ್ರಯೋಗಿಸುವುದಾದರೆ ‘ಸೋಲ್ಜರ್ಸ್ ಜಾಯ್’ ತೆಗೆದುಕೊಳ್ಳಿ. ಅದರ ಕಾಗದದ ದಾರಿ ತಿರುವುಮುರುವು, ಹದಿನೆಂಟನೇ ಶತಮಾನದ ಸ್ಕಾಟ್ಲೆಂಡಿನ ಮುದ್ರಿತ ಪುಸ್ತಕಗಳಲ್ಲೇ ಮಟ್ಟು ಸಿಗುತ್ತದೆ, 1785ರಲ್ಲಿ ಕವಿ ರಾಬರ್ಟ್ ಬರ್ನ್ಸ್ ಅದರ ಮೇಲೆ ಪದ್ಯ ಕಟ್ಟಿದ್ದಾನೆ, 1929ರಲ್ಲಿ ಜಾರ್ಜಿಯಾದ ಸ್ಕಿಲೆಟ್ ಲಿಕರ್ಸ್ ತಂಡ ತಟ್ಟೆಗೆ ನುಡಿಸಿದೆ. ಅಲ್ಲಿ ಏಳನೇ ಹಂತದಿಂದ ಶುರುಮಾಡಿ ಎರಡನೇ ಹಂತಕ್ಕೆ ಬರುವುದು ಲೇಸು.